ಪಿಎಂಆರ್ ಅಂದರೆ ಫಿಸಿಯೋಥೆರಪಿಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ಆರು ವಾರದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಬಿಡುವಾಗ ನರರೋಗದ ಡಾಕ್ಟರು ‘ಪಿಎಂಆರ್‌ನವರಿಗೆ ತೋರಿಸಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಜಿಲ್ಲಾ ಕೇಂದ್ರದಲ್ಲಿ ಈಚೆಗೆ ‘ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್ ಕ್ಲಿನಿಕ್’ ಎಂದು ಒಂದು ಬೋರ್ಡು ಬಿದ್ದಿದೆ. ಆದರೆ ಮನೆಗೇ ಫಿಸಿಯೋಥೆರಪಿಯವರು ಬಂದು ವ್ಯಾಯಾಮ ಮಾಡಿಸುತ್ತಿದ್ದಾರಲ್ಲ, ಮತ್ತೆ ಇವರೇಕೆ? ತಂದೆ ಈಗ ಹಿಡಿದುಕೊಂಡರೆ ನಿಲ್ಲುತ್ತಾರೆ. ಮಾತು ತಡವರಿಸುತ್ತದೆ. ನೀರು ಕುಡಿದರೆ ಕೆಮ್ಮುತ್ತಾರೆ, ಅದು ಹಳೇ ಬೀಡಿ ಕೆಮ್ಮು. ಕೈ ಹಿಡಿದು ಎಬ್ಬಿಸುವಾಗ ಬಲ ಹೆಗಲು ನೋವು ಅನ್ನುತ್ತಾರೆ. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಎದ್ದು ಓಡಾಡುತ್ತಾರೆ ಎಂದು ನೆಂಟರ ಸಲಹೆ. ಆ ಕ್ಲಿನಿಕ್ಕಿನಲ್ಲಿ ಯಾರ್‍ಯಾರು ಇರುತ್ತಾರೆ, ಏನು ಮಾಡುತ್ತಾರೆ, ದಯವಿಟ್ಟು ತಿಳಿಸಿ.
— ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ನೀವು ಕೇಳಿದ ಪ್ರಶ್ನೆಗಿಂತ ಮೊದಲು, ಪ್ರಶ್ನೆಯೆಂದೇ ಎಣಿಸದೆ ಬರೆದಿರುವ ಎರಡು ಸಂಗತಿಗಳಿಗೆ ಬರುತ್ತೇನೆ. ಅವು ಕಾಯುವಂಥವಲ್ಲ.

ಒಂದು, ಆ ಕೆಮ್ಮು. ಬೀಡಿ ಸೇದುವವರ ಕೆಮ್ಮು ನೀರು ಕುಡಿದಾಗಲೇ ಬರಬೇಕೆಂದಿಲ್ಲ. ನಿಮ್ಮ ತಂದೆಯವರದು ನೀರು ಕುಡಿದಾಗ ಬರುತ್ತಿದೆ. ಲಕ್ವ ಹೊಡೆದಾಗ ಕೈಕಾಲಿನಂತೆ ಗಂಟಲಿನ ಸ್ನಾಯುಗಳಿಗೂ ಪೆಟ್ಟು ಬೀಳುತ್ತದೆ. ನುಂಗುವ ಹೊತ್ತಿಗೆ ಶ್ವಾಸನಾಳದ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದೆ ನೀರು ಶ್ವಾಸಕೋಶದ ಕಡೆ ಇಳಿಯುತ್ತದೆ. ತೆಳ್ಳಗಿನ ನೀರು, ಕಾಫಿ, ಸಾರು ಗಟ್ಟಿ ಪದಾರ್ಥಕ್ಕಿಂತ ಬೇಗ ಹೀಗೆ ದಾರಿ ತಪ್ಪುತ್ತವೆ. ಇದರಿಂದ ನ್ಯುಮೋನಿಯಾ ಆಗಬಹುದು. ಲಕ್ವದಿಂದ ಬದುಕಿ ಉಳಿದವರನ್ನು ಆಮೇಲೆ ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಅದೂ ಒಂದು. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತಿರುತ್ತದೆ. ಹಾಗೆ ನೋಡಿದರೆ ಕೆಮ್ಮುತ್ತಿರುವುದೇ ಪುಣ್ಯ. ನಿಮ್ಮ ಕಡೆ ದಿನವೂ ಮುದ್ದೆ ಮಾಡುತ್ತೀರಿ, ಅದು ಅಗಿಯದೆ ನುಂಗುವ ಪದಾರ್ಥ. ಅವರಿಗೆ ಈಗ ಅದನ್ನು ಕೊಡಬಹುದೇ, ಯಾವ ಹದದಲ್ಲಿ ಕೊಡಬೇಕು ಎಂಬುದನ್ನು ನುಂಗುವಿಕೆಯನ್ನು ಪರೀಕ್ಷಿಸಿದವರು ಹೇಳಬೇಕು. ಅಲ್ಲಿಯವರೆಗೆ ಮಲಗಿಸಿ ಏನನ್ನೂ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ, ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಜ್ವರ ಬಂದರೆ, ಉಸಿರು ಗೊರಗೊರ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೀಡಿಯನ್ನಂತೂ ಇಷ್ಟು ಹೊತ್ತಿಗೆ ಬಿಡಿಸಿರುತ್ತೀರಿ ಎಂದುಕೊಂಡಿದ್ದೇನೆ.

ಎರಡು, ಆ ಹೆಗಲು. ಭುಜದ ಕೀಲು ಆಳವಿಲ್ಲದ ಕೀಲು, ಅದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಆ ಸ್ನಾಯುಗಳು ಸೋತಾಗ ತೋಳಿನ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ಅಂಥ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ, ಕಂಕುಳಿಗೆ ಕೈಹಾಕಿ ಎತ್ತಿದರೆ, ಇನ್ನಷ್ಟು ಹಾನಿ. ನಮ್ಮ ಮನೆಗಳಲ್ಲಿ ಎಲ್ಲರೂ ಎಬ್ಬಿಸುವುದು ಹೀಗೆಯೇ, ಪ್ರೀತಿಯಿಂದಲೇ. ಇನ್ನು ಮುಂದೆ ಸೊಂಟಕ್ಕೆ ಅಗಲವಾದ ಬೆಲ್ಟೋ ಮಡಿಸಿದ ಪಂಚೆಯೋ ಕಟ್ಟಿ, ಅದನ್ನು ಹಿಡಿದು ಎಬ್ಬಿಸಿ. ಕೂತಾಗ ಬಲಗೈ ಕೆಳಗೆ ದಿಂಬು ಇರಲಿ, ಜೋತಾಡುವುದು ಬೇಡ. ಯಾರಾದರೂ ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗದಿಂದ ಆ ಕೈಯನ್ನು ಮೇಲಕ್ಕೆ ಎಳೆಸುತ್ತಿದ್ದರೆ ನಿಲ್ಲಿಸಿ.

ಈಗ ನಿಮ್ಮ ಪ್ರಶ್ನೆ. ಪಿಎಂಆರ್ ವೈದ್ಯರೂ ಫಿಸಿಯೋಥೆರಪಿಸ್ಟರೂ ಒಂದೇ ಅಲ್ಲ. ಎಂಬಿಬಿಎಸ್ ಮುಗಿಸಿ, ಮೇಲೆ ಮೂರು ವರ್ಷ ಇದೇ ವಿಷಯದಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿದವರು ಪಿಎಂಆರ್ ವೈದ್ಯರು. ಇಂಗ್ಲಿಷಿನಲ್ಲಿ ಅವರನ್ನು ಫಿಸಿಯಾಟ್ರಿಸ್ಟ್ ಎನ್ನುತ್ತಾರೆ. ಸೈಕಿಯಾಟ್ರಿಸ್ಟ್ ಅಂದುಕೊಂಡು ‘ನಮ್ಮಪ್ಪನಿಗೆ ತಲೆ ಸರಿಯಿದೆ’ ಎಂದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ನರರೋಗದ ಡಾಕ್ಟರು ಮೆದುಳಿನಲ್ಲಿ ರಕ್ತನಾಳ ಎಲ್ಲಿ ಕಟ್ಟಿದೆ, ಮತ್ತೆ ಕಟ್ಟದಂತೆ ಏನು ಮಾಡಬೇಕು ಎಂದು ನೋಡುತ್ತಾರೆ. ಪಿಎಂಆರ್ ವೈದ್ಯರು ನೋಡುವುದು ಆ ಪೆಟ್ಟಿನಿಂದ ಈ ಮನುಷ್ಯನಿಗೆ ಏನೇನು ಮಾಡಲಾಗುತ್ತಿಲ್ಲ, ಅದರಲ್ಲಿ ಯಾವುದನ್ನು ಮರಳಿ ತರಿಸಬಹುದು, ಬಾರದಿದ್ದರೆ ಬದಲಿ ದಾರಿ ಯಾವುದು ಎಂಬುದನ್ನು. ಬಿಗಿಯಾಗುತ್ತಿರುವ ಕೈಗೆ ಮಾತ್ರೆ ಬೇಕೇ, ಇಂಜೆಕ್ಷನ್ ಬೇಕೇ, ಜೋಲುವ ಪಾದಕ್ಕೆ ಯಾವ ಸ್ಪ್ಲಿಂಟ್, ಭುಜದ ನೋವಿಗೆ ಕಾರಣವೇನು, ಮೂತ್ರ ಏಕೆ ಹಿಡಿತಕ್ಕೆ ಸಿಗುತ್ತಿಲ್ಲ, ಬಿಪಿ ನೋಡಿಕೊಂಡು ಎಷ್ಟು ವ್ಯಾಯಾಮ ಮಾಡಿಸಬಹುದು ಎಂಬುದೆಲ್ಲ ಅವರ ತೀರ್ಮಾನ.

ಆದರೆ ಆ ವೈದ್ಯರು ಒಬ್ಬರೇ ಕೂತಿದ್ದರೆ ಕ್ಲಿನಿಕ್ಕಿಗೆ ಅರ್ಥವಿಲ್ಲ. ನಿಲ್ಲುವುದು, ತೂಕ ಬದಲಿಸುವುದು, ನಡೆಯುವುದನ್ನು ಕಲಿಸುವವರು ಫಿಸಿಯೋಥೆರಪಿಸ್ಟರು. ಕರ್ನಾಟಕದಲ್ಲಿ ಈಗ ಕೆಲಸದಲ್ಲಿರುವ ಹೆಚ್ಚಿನವರ ಬಿಪಿಟಿ ಪದವಿಯ ಓದು ನಾಲ್ಕು ವರ್ಷ, ಜೊತೆಗೆ ಆರು ತಿಂಗಳ ಇಂಟರ್ನ್‌ಶಿಪ್. ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ, ದಿನದಿನದ ಕೆಲಸವನ್ನೆಲ್ಲ ಹೊರುವವರು ಅವರೇ. ಇನ್ನೊಬ್ಬರು ಆಕ್ಯುಪೇಷನಲ್ ಥೆರಪಿಸ್ಟ್. ಹೆಸರು ಕೇಳಿ ನೌಕರಿಗೆ ಸಂಬಂಧಿಸಿದವರು ಎಂದುಕೊಳ್ಳಬೇಡಿ, ಒಂದೇ ಕೈಯಲ್ಲಿ ಅಂಗಿ ತೊಡುವುದು, ಎಡಗೈಯಲ್ಲಿ ಗಡ್ಡ ಹೆರೆದುಕೊಳ್ಳುವುದು, ಚೊಂಬು ಎತ್ತಿ ಸ್ನಾನ ಮಾಡುವುದು ಇವರ ಪಾಠ. ಮಾತಿಗೂ ನುಂಗುವುದಕ್ಕೂ ಸ್ಪೀಚ್ ಥೆರಪಿಸ್ಟ್. ನಾಲಿಗೆ ಹೊರಳದೆ ತೊದಲುವುದು ಬೇರೆ, ಹೇಳಬೇಕಾದ ಪದವೇ ತಲೆಗೆ ಬಾರದಿರುವುದು ಬೇರೆ. ಹೆಚ್ಚಿನವರಲ್ಲಿ ಭಾಷೆಯ ಕೇಂದ್ರ, ಮೈಯ ಬಲಭಾಗವನ್ನು ನಡೆಸುವ ಮೆದುಳಿನ ಎಡಭಾಗದಲ್ಲೇ ಇರುವುದರಿಂದ, ಬಲಗೈ ಬಲಗಾಲು ಬಿದ್ದವರಿಗೆ ಎರಡನೆಯ ತೊಂದರೆ ಬರುವುದುಂಟು. ನಿಮ್ಮ ತಂದೆಯವರದು ಯಾವುದು ಎಂದು ಗೊತ್ತಾದರೆ ಮನೆಯವರು ಅವರೊಂದಿಗೆ ಮಾತಾಡುವ ರೀತಿಯೇ ಬದಲಾಗಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಥೆರಪಿಸ್ಟರನ್ನು ತಯಾರು ಮಾಡುತ್ತ ಬಂದಿರುವುದರಿಂದ ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸ್ಪ್ಲಿಂಟು, ಕ್ಯಾಲಿಪರು, ಕೃತಕ ಕಾಲು ಅಳತೆ ತೆಗೆದು ಮಾಡುವವರು ಇನ್ನೊಬ್ಬರು. ಜಿಲ್ಲಾ ಕೇಂದ್ರದ ಸಣ್ಣ ಕ್ಲಿನಿಕ್ಕಿನಲ್ಲಿ ಇವರೆಲ್ಲ ದಿನವೂ ಇರುವುದು ಕಷ್ಟ. ವಾರಕ್ಕೊಮ್ಮೆ ಬಂದು ಹೋಗುವ ಏರ್ಪಾಡಿದ್ದರೂ ಆದೀತು.

ಈ ವೈದ್ಯಶಾಖೆ ದೊಡ್ಡದಾಗಿದ್ದು ಎರಡನೇ ಮಹಾಯುದ್ಧದಲ್ಲಿ. ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರು ಅದಕ್ಕೂ ಮೊದಲು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದ ತಿಂಗಳೊಪ್ಪತ್ತಿನಲ್ಲಿ ಸಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಿಂದ ಡಾ. ಲುಡ್ವಿಗ್ ಗುಟ್ಮನ್, ಅಮೆರಿಕದಲ್ಲಿ ಡಾ. ಹೋವರ್ಡ್ ರಸ್ಕ್ ಇಂಥ ಸೈನಿಕರನ್ನು ಬದುಕಿಸಿದ್ದಷ್ಟೇ ಅಲ್ಲ, ಕೆಲಸಕ್ಕೂ ಕಳಿಸಿದರು. ನಮ್ಮಲ್ಲಿ ಮುಂಬಯಿಯಲ್ಲಿ 1955ರಲ್ಲಿ ಕೇಂದ್ರ ಸರ್ಕಾರದ ಪಿಎಂಆರ್ ಸಂಸ್ಥೆ ಶುರುವಾಯಿತು. ಆದರೆ ನನಗೆ ಹೆಚ್ಚು ಹೇಳಬೇಕೆನ್ನಿಸುವುದು ವೆಲ್ಲೂರಿನ ಡಾ. ಮೇರಿ ವರ್ಗೀಸ್ ಬಗ್ಗೆ. ಕೊಚ್ಚಿಯ ಕಡೆಯ ಈ ತರುಣ ವೈದ್ಯೆಗೆ 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿ ಜಖಂ ಆಯಿತು, ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ಆಪರೇಷನ್ ಥಿಯೇಟರಿನಲ್ಲಿ ನಿಲ್ಲಲಾರದ ಡಾಕ್ಟರಿಗೆ ಕುಷ್ಠರೋಗಿಗಳ ಮುರುಟಿದ ಕೈಗಳ ಶಸ್ತ್ರಚಿಕಿತ್ಸೆಯನ್ನು ಗಾಲಿಕುರ್ಚಿಯಲ್ಲಿ ಕೂತೇ ಮಾಡಬಹುದೆಂದು ದಾರಿ ತೋರಿಸಿದವರು ವೆಲ್ಲೂರಿನ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್. ಆಕೆ ಅದನ್ನು ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಅದೇ ರಸ್ಕ್ ಬಳಿ ಪಿಎಂಆರ್ ಕಲಿತು ವೆಲ್ಲೂರಿಗೆ ಮರಳಿದರು. ರೋಗಿಗಳು ಒಳಗೇ ಉಳಿದು ತರಬೇತಿ ಪಡೆಯುವ ಪುನರ್ವಸತಿ ಸಂಸ್ಥೆ 1966ರಲ್ಲಿ ಅಲ್ಲಿ ತೆರೆಯಿತು. 1972ರಲ್ಲಿ ಆಕೆಗೆ ಪದ್ಮಶ್ರೀ ಬಂತು. ಕರ್ನಾಟಕದಿಂದ ಇಂದಿಗೂ ಬೆನ್ನುಹುರಿ ಪೆಟ್ಟಿನವರು ಅಲ್ಲಿಗೆ ಹೋಗುತ್ತಾರೆ. ಅಡಿಕೆ, ತೆಂಗಿನ ಮರದಿಂದ ಬಿದ್ದವರ ಮನೆಗಳಲ್ಲಿ ವಿಚಾರಿಸಿ ನೋಡಿ.

‘ಮನೆಯವರೇ ಕಲಿತು ಮಾಡಿಸಿದರೆ ಸಾಲದೆ’ ಎಂಬ ಪ್ರಶ್ನೆ ಸಹಜ, ಖರ್ಚು ಉಳಿಯುತ್ತದೆ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಅಟೆಂಡ್ ಎಂಬ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದ 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಮನೆಯವರಿಗೆ ವ್ಯಾಯಾಮ, ಆರೈಕೆಯ ತರಬೇತಿ ಕೊಟ್ಟು ಕಳಿಸಿದರು, ಉಳಿದವರಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ಮೇಲೆ ನೋಡಿದರೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇಕಡ 47. ಒಂದಿಷ್ಟೂ ವ್ಯತ್ಯಾಸವಿಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ನಾನು ಇದನ್ನು ಓದುವುದಿಲ್ಲ. ಕಲಿಸಿ ಕೈಬಿಟ್ಟರೆ ಆಗದು, ವಾರವಾರವೂ ನೋಡಿ ಪಾಠ ಬದಲಿಸುವ ಅನುಭವಸ್ಥರು ಬೇಕು ಎಂದು ಓದುತ್ತೇನೆ. ನಿಮ್ಮ ಮನೆಗೆ ಬರುವ ಫಿಸಿಯೋಥೆರಪಿಸ್ಟರನ್ನು ಬಿಡಬೇಡಿ. ಅವರ ಕೆಲಸಕ್ಕೆ ಒಂದು ಗುರಿ ಹಾಕಿಕೊಡುವವರು ಇರಲಿ, ಅಷ್ಟೇ.

ಗುರಿ ಎಂದೆ. ಒಳ್ಳೆಯ ಪಿಎಂಆರ್ ಕ್ಲಿನಿಕ್ಕಿನ ಮೊದಲ ಭೇಟಿ ಅರ್ಧ ಮಾತುಕತೆಯಲ್ಲೇ ಕಳೆಯುತ್ತದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿವರೆಗೆ ಏನೇನು ತಾವೇ ಮಾಡುತ್ತಾರೆ, ಯಾವುದಕ್ಕೆ ಎಷ್ಟು ಆಸರೆ ಬೇಕು ಎಂದು ಕೇಳುತ್ತಾರೆ. ಇದಕ್ಕೆ ಬಾರ್ತೆಲ್ ಸೂಚ್ಯಂಕ ಎಂಬ ಅಳತೆ ಇದೆ, 1965ರದು. ಊಟ, ಸ್ನಾನ, ಬಟ್ಟೆ, ಮಲ, ಮೂತ್ರ, ಪಾಯಿಖಾನೆ, ಮಂಚದಿಂದ ಕುರ್ಚಿಗೆ ಹೋಗುವುದು, ಮೆಟ್ಟಿಲು, ಹೀಗೆ ಹತ್ತು ಸಂಗತಿಗಳಿಗೆ ಒಟ್ಟು ನೂರು ಅಂಕ. ತಿಂಗಳಿಗೊಮ್ಮೆ ಅಂಕ ಹಾಕಿಸಿಕೊಳ್ಳಿ. ‘ಪರವಾಗಿಲ್ಲ, ಇಂಪ್ರೂವ್ ಆಗಿದೆ’ ಎಂಬ ಮಾತಿಗಿಂತ 35 ಇದ್ದದ್ದು 55 ಆಯಿತು ಎಂಬುದು ಮೇಲು.

ಈ ಅಳತೆಯಲ್ಲಿ ನಮ್ಮವರಿಗೆ ಒಂದು ಕೊರತೆಯಿದೆ. ಅದು ಮಂಚ, ಕುರ್ಚಿ, ಕಮೋಡಿನ ಲೋಕದಲ್ಲಿ ಹುಟ್ಟಿದ್ದು. ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂತು ಏಳುವುದು, ಹೊಸ್ತಿಲು ದಾಟುವುದು, ಒದ್ದೆ ಬಚ್ಚಲಿನ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದು ಯಾವುದೂ ಅದರಲ್ಲಿಲ್ಲ. ನಮ್ಮ ದೇಶದ ಪುನರ್ವಸತಿ ಕ್ಷೇತ್ರದ ದೊಡ್ಡ ಹೆಸರು ಹುಟ್ಟಿದ್ದೂ ಇಂಥ ಕೊರತೆಯಿಂದಲೇ. ವಿದೇಶಿ ಕೃತಕ ಕಾಲು ಹಾಕಿಕೊಂಡು ನೆಲಕ್ಕೆ ಕೂರಲಾಗದು, ಬೂಟಿಲ್ಲದೆ ಹೊಲಕ್ಕಿಳಿಯಲಾಗದು ಎಂದು ಕಂಡಾಗ 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿ ರಬ್ಬರಿನಲ್ಲಿ ಜೈಪುರ ಪಾದ ಮಾಡಿದರು. ಹಾಗಾಗಿ ನಿಮ್ಮ ಮನೆಯ ನೆಲ, ಬಚ್ಚಲು, ಊಟದ ರೀತಿಯನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಬಲಗೈ ಬಿದ್ದವರಿಗೆ ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪುವುದಿಲ್ಲ, ಹತ್ತು ಜನರ ಪಂಕ್ತಿಯಲ್ಲಂತೂ ಕೂರುವುದೇ ಇಲ್ಲ. ಇದು ಡಾಕ್ಟರಿಗೆ ಹೇಳುವ ವಿಷಯವೇ ಎಂದು ಸಂಕೋಚ ಬೇಡ. ಹಿಡಿ ದಪ್ಪವಿರುವ ಚಮಚದಿಂದ ಹಿಡಿದು ಅದಕ್ಕೆ ಹಲವು ಉಪಾಯಗಳಿವೆ.

ಎಷ್ಟು ಸುಧಾರಿಸುತ್ತಾರೆ? ಮೊದಲ ಮೂರು ತಿಂಗಳಲ್ಲಿ ವೇಗ ಹೆಚ್ಚು, ಆಮೇಲೆ ನಿಧಾನ, ಆದರೆ ಬಾಗಿಲು ಮುಚ್ಚುವುದಿಲ್ಲ. ಸಾಮಾನ್ಯವಾಗಿ ಕಾಲು ಮೊದಲು, ಕೈ ಆಮೇಲೆ, ಬೆರಳುಗಳ ಸೂಕ್ಷ್ಮ ಕೆಲಸ ಕಡೆಗೆ. ಕೆಲವರಿಗೆ ಅದು ಬಾರದೆಯೂ ಇರಬಹುದು. ಆರು ವಾರಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ ಎಂದರೆ ನಡಿಗೆಯ ಆಸೆ ಇಟ್ಟುಕೊಳ್ಳಬಹುದು. ಸೋತು ಜೋಲುತ್ತಿದ್ದ ಕೈ ದಿನ ಕಳೆದಂತೆ ಬಿಗಿಯಾಗಿ ಮೊಣಕೈ, ಬೆರಳು ಮಡಚಿಕೊಳ್ಳತೊಡಗಿದರೆ ಶಕ್ತಿ ಬಂತೆಂದು ಸಂತೋಷಪಡಬೇಡಿ. ಅದು ಸ್ನಾಯುಸೆಡೆತ, ಬಿಟ್ಟರೆ ಅಂಗೈ ತೊಳೆಯಲೂ ಬಿಡದಷ್ಟು ಮುಷ್ಟಿಯಾಗುತ್ತದೆ. ಅಂಥ ಕೈಗೆ ಮೆತ್ತನೆಯ ಚೆಂಡು ಕೊಟ್ಟು ಹಿಸುಕಿಸುವುದು ಊರೆಲ್ಲ ಮಾಡುವ ಕೆಲಸ. ಆಗಲೇ ಮಡಚಿಕೊಳ್ಳುತ್ತಿರುವ ಬೆರಳಿಗೆ ಬೇಕಾದ್ದು ಬಿಡಿಸುವ ಅಭ್ಯಾಸ, ಹಿಸುಕುವುದಲ್ಲ. ಬಿಗಿತ ಹೆಚ್ಚಿದ್ದರೆ ಪಿಎಂಆರ್ ವೈದ್ಯರು ಆಯ್ದ ಸ್ನಾಯುಗಳಿಗೆ ಬೊಟ್ಯುಲಿನಮ್ ಟಾಕ್ಸಿನ್ ಚುಚ್ಚುತ್ತಾರೆ. ಪರಿಣಾಮ ಮೂರು-ನಾಲ್ಕು ತಿಂಗಳು, ಬೆಲೆ ಮಾತ್ರ ದುಬಾರಿ. ಆ ಅವಧಿಯಲ್ಲಿ ವ್ಯಾಯಾಮ ಮಾಡಿಸದಿದ್ದರೆ ಹಣ ನೀರುಪಾಲು.

ಪಾರಿವಾಳದ ರಕ್ತದ ಬಗ್ಗೆ ಒಂದೇ ಮಾತು: ಪೆಟ್ಟು ಬಿದ್ದಿರುವುದು ಮೆದುಳಿಗೆ, ಚರ್ಮಕ್ಕಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ತಂದೆಗೂ ಹಿತ, ಮನೆಯವರಿಗೂ ಸಮಾಧಾನ, ತೊಂದರೆಯಿಲ್ಲ. ಜೋರಾಗಿ ತಿಕ್ಕಿ ಕೀಲು ತಿರುಚುವುದು ಬೇಡ. ಬಿಸಿನೀರಿನ ಚೀಲವನ್ನಂತೂ ಜೋಮು ಹಿಡಿದ ಕೈಕಾಲಿಗೆ ಇಡಲೇಬೇಡಿ, ಸುಟ್ಟ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ಮನಸ್ಸಿನ ಕಡೆಗೂ ಗಮನವಿರಲಿ. ಲಕ್ವವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ವ್ಯಾಯಾಮಕ್ಕೆ ‘ಸೋಮಾರಿತನ’ ತೋರಿಸುತ್ತಿದ್ದಾರೆ ಎಂದು ಗದರುವ ಮೊದಲು ಅದನ್ನು ವೈದ್ಯರಿಗೆ ಹೇಳಿ, ಔಷಧಿ ಇದೆ. ತಂದೆಯವರನ್ನು ನೋಡಿಕೊಳ್ಳುವವರು ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಿದ್ದಾರೆ ಎಂಬುದನ್ನು ನೀವು ಬರೆದಿಲ್ಲ. ಅದನ್ನೂ ಕೇಳುವ ಕ್ಲಿನಿಕ್ಕಾದರೆ ನಂಬಬಹುದು.

ಬೋರ್ಡಿನ ಹಿಂದೆ ಏನಿದೆ ಎಂದು ತಿಳಿಯಲು ವಿಚಾರಿಸುವುದರಲ್ಲಿ ತಪ್ಪಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ವೈದ್ಯರ ಪದವಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಒಳಗೆ ಬರೀ ಮಂಚಗಳ ಸಾಲು, ಮಂಚಕ್ಕೊಂದು ಕರೆಂಟಿನ ಮಶೀನು ಇದ್ದರೆ ಸ್ವಲ್ಪ ಅನುಮಾನಪಡಿ. ‘ಕರೆಂಟು ಇಡಿಸಿಕೊಂಡು ಬಂದೆ’ ಎಂದು ನಮ್ಮ ಜನ ಹೇಳುವಾಗ ಚಿಕಿತ್ಸೆ ಆಯಿತೆಂಬ ತೃಪ್ತಿ ಇರುತ್ತದೆ. ನೋವಿಗೆ ಅದು ಒಂದಿಷ್ಟು ಆರಾಮ ಕೊಡಬಹುದು, ನಡೆಯುವುದನ್ನು ಕಲಿಸುವುದಿಲ್ಲ. ಸಮಾನಾಂತರ ಕಂಬಿಗಳು, ಮೆಟ್ಟಿಲು, ನೆಲದ ಮೇಲೊಂದು ಚಾಪೆ, ಬೆವರು ಹರಿಸುತ್ತಿರುವ ರೋಗಿ ಕಂಡರೆ ಒಳ್ಳೆಯ ಲಕ್ಷಣ. ‘ಪೂರ್ತಿ ಗುಣ ಮಾಡುತ್ತೇವೆ, ಇಷ್ಟು ಸೆಷನ್‌ಗೆ ಮುಂಗಡ ಕಟ್ಟಿ’ ಎಂದರೆ ಎದ್ದು ಬನ್ನಿ.

ಅಲ್ಲಿ ಸರಿಹೋಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವಿದೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗವಿದೆ. ಸ್ಪ್ಲಿಂಟು, ಗಾಲಿಕುರ್ಚಿಯಂಥ ಸಾಧನಗಳಿಗೆ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ತಿಂಗಳುಗಳು ಕಳೆದು ಸ್ಥಿತಿ ಒಂದು ಹದಕ್ಕೆ ಬಂದ ಮೇಲೂ ಊನ ಉಳಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೆ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಶೇಕಡ 40ರ ಮಿತಿಯಿದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಆ ಕ್ಲಿನಿಕ್ಕಿಗೆ ಹೋಗಿ, ಈ ವಾರವೇ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯ ಜೊತೆ ನಿಮ್ಮ ಮನೆಯ ಬಚ್ಚಲು, ಪಾಯಿಖಾನೆ, ಅಂಗಳದ ಮೆಟ್ಟಿಲಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ತಂದೆಯವರು ದಿನಾ ಹಾಕುವ ಚಪ್ಪಲಿಯೂ ಇರಲಿ. ಮನೆಗೆ ಬರುವ ಫಿಸಿಯೋಥೆರಪಿಸ್ಟರಿಗೆ ಮೊದಲೇ ತಿಳಿಸಿ, ಬಿಡುವಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.